ಅವ್ವನ ಬೆಂಡೋಲಿ ಮತ್ತು 350 ಪೌಂಡು

2022ರ ಮೇ ತಿಂಗಳು. ಇಂಗ್ಲೆಂಡಿನಲ್ಲಿರುವ ಕಾಕಾನ ಮಗಳು ಒಂದು ರವಿವಾರ ವಿಡಿಯೊ ಕಾಲ್ ಮಾಡಿದ್ದಳು. ಅವ್ವ ಮಗ್ಗದ ಕುಣಿಯ ದಂಡೆಗೆ ಕುಂತು ಮಾತಾಡುತ್ತಿದ್ದಳು. ಅಕ್ಕನ ಹಿಂದೆ, ಅಡುಗೆಮನೆಯಲ್ಲಿ, ಗುರುತಿಲ್ಲದ ಹೆಂಗಸೊಬ್ಬಳು ಗಜ್ಜರಿ ಹೆಚ್ಚುತ್ತಿದ್ದದ್ದು ಅವ್ವನ ಕಣ್ಣಿಗೆ ಬಿತ್ತು.

"ಯಾರವಾ ಅಕಿ?"

"ಉಕ್ರೇನಿನವ್ರು ದೊಡ್ಡವ್ವಾ. ಅಲ್ಲೆ ಯುದ್ಧ ನಡದೈತೆಲ್ಲ, ತಪ್ಪಿಸ್ಕೊಂಡು ಬಂದಾರ. ಅಕಿ ಮತ್ತ ಅಕಿ ಮಗ, ಹತ್ತು ವರ್ಷದವ. ಮ್ಯಾಲಿನ ಖೋಲಿ ಕೊಟ್ಟೇವಿ."

ಅವ್ವನಿಗೆ ಬಹಳ ಖುಷಿಯಾಯಿತು. "ಚಲೋ ಮಾಡಿದಿ ಮಗಳ, ಪುಣ್ಯಾ ಬರತೈತಿ" ಅಂದಳು. ಆ ಹೆಂಗಸಿಗೆ ಕ್ಯಾಮೆರಾದಲ್ಲೇ ಕೈಮುಗಿದಳು. ಅಷ್ಟರಲ್ಲಿ ಅಕ್ಕ ಮಾತಿಗೆ ಮಾತು ಬಂದು, ಹೀಗೆ ಇಟ್ಟುಕೊಂಡವರಿಗೆ ಅಲ್ಲಿಯ ಸರಕಾರ ತಿಂಗಳಿಗೆ 350 ಪೌಂಡ್ ಕೊಡುತ್ತದೆ ಅಂದಳು. ನಮ್ಮ ರೊಕ್ಕದಲ್ಲಿ ಹೆಚ್ಚುಕಡಿಮೆ 35 ಸಾವಿರ.

ಕಾಲ್ ಮುಗಿದ ಮೇಲೆ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಮನಿಗೆ ಬಂದವ್ರಿಗೆ ಉಣ್ಣಾಕ ಹಾಕಿದ್ದಕ್ಕ ಸರಕಾರದಿಂದ ರೊಕ್ಕಾ ಇಸ್ಕೋತಾಳಂತ? ಎಂಥಾ ಕಾಲ ಬಂತಪಾ" ಅಂದಳು.

ನಾನೂ ಆಗ ಅವ್ವನ ಜೊತೆ ನಕ್ಕೆ. ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹಾಗೇ ನಗುತ್ತಿದ್ದರು. ಆ ನಗೆ ತಪ್ಪಿತ್ತು ಅಂತ ನನಗೆ ಗೊತ್ತಾಗಲು ಬಹಳ ದಿನ ಬೇಕಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ವರ್ಷ ಉಕ್ರೇನ್ ನಮಗೆ ದೂರದ ಹೆಸರಾಗಿ ಉಳಿದಿರಲಿಲ್ಲ. ಪಕ್ಕದ ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಗ್ಯಾನಗೌಡರ್, ವೈದ್ಯಕೀಯ ಓದಲು ಹೋಗಿದ್ದ ಹುಡುಗ, ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಸಿಕ್ಕು ಸತ್ತಿದ್ದ. ತಿನ್ನಲು ಏನಾದರೂ ತರೋಣವೆಂದು ಹೊರಗೆ ಹೋಗಿದ್ದವನು. ಅವನ ಶವ ಊರಿಗೆ ಬಂದದ್ದು ಮಾರ್ಚ್ 21ಕ್ಕೆ. ತಂದೆತಾಯಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಆ ದಿನ ನಮ್ಮ ಮನೆಯಲ್ಲಿ ಟಿವಿ ಆರಿಸಲಿಲ್ಲ.

ಬ್ರಿಟನ್ ಸರಕಾರ ಆ ಯೋಜನೆಯನ್ನು ಪ್ರಕಟಿಸಿದ್ದು ಅದೇ ಮಾರ್ಚ್ 14ರಂದು. ಹೆಸರು 'ಹೋಮ್ಸ್ ಫಾರ್ ಉಕ್ರೇನ್'. ಅಕ್ಕ ಹೇಳಿದ್ದನ್ನೂ ನಾನು ಆಮೇಲೆ ಓದಿಕೊಂಡದ್ದನ್ನೂ ಸೇರಿಸಿ ಹೇಳುವುದಾದರೆ ಅದು ಆಗ ನಡೆಯುತ್ತಿದ್ದ ರೀತಿ ಹೀಗೆ. ಮನೆಯಲ್ಲಿ ಖಾಲಿ ಖೋಲಿ ಇದ್ದವರು ತಾವಾಗಿ ಮುಂದೆ ಬರಬೇಕು. ಕನಿಷ್ಠ ಆರು ತಿಂಗಳು ಇಟ್ಟುಕೊಳ್ಳುತ್ತೇವೆ ಅಂತ ಒಪ್ಪಬೇಕು. ಸ್ಥಳೀಯ ಕೌನ್ಸಿಲ್‌ನವರು ಬಂದು ಮನೆ ನೋಡುತ್ತಾರೆ. ಮನೆಯಲ್ಲಿರುವ ದೊಡ್ಡವರ ಮೇಲೆ ಅಪರಾಧದ ದಾಖಲೆ ಏನಾದರೂ ಇದೆಯೇ ಅಂತ ತಪಾಸಣೆ ಮಾಡುತ್ತಾರೆ. ಬಂದವರಿಂದ ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ತಿಂಗಳಿಗೆ 350 ಪೌಂಡ್ ಬರುವುದು ತಲೆಗೆ ಇಷ್ಟು ಅಂತಲ್ಲ, ಮನೆಗೆ ಇಷ್ಟು ಅಂತ. ಒಬ್ಬರಿದ್ದರೂ ಅಷ್ಟೇ, ನಾಲ್ವರಿದ್ದರೂ ಅಷ್ಟೇ. ಸರಕಾರ ಅದನ್ನು ಬಾಡಿಗೆ ಅನ್ನುವುದಿಲ್ಲ, ಧನ್ಯವಾದದ ಹಣ ಅನ್ನುತ್ತದೆ. ಬಂದವರ ಕೈಗೂ ಮೊದಲ ಖರ್ಚಿಗೆಂದು 200 ಪೌಂಡ್ ಕೊಡುತ್ತಾರೆ. ಮೂರು ವರ್ಷ ಇರಲು, ದುಡಿಯಲು, ಮಕ್ಕಳನ್ನು ಸಾಲಿಗೆ ಹಚ್ಚಲು ಅವರಿಗೆ ಪರವಾನಗಿ ಇತ್ತು.

ಅದೇ ಹೊತ್ತಿಗೆ ಪೋಲೆಂಡಿನಲ್ಲೂ ಮನೆಯಲ್ಲಿಟ್ಟುಕೊಂಡು ಊಟ ಹಾಕುವವರಿಗೆ ದಿನಕ್ಕೆ ತಲೆಗೆ 40 ಝ್ಲಾಟಿ ಕೊಡುವ ವ್ಯವಸ್ಥೆ ಬಂತು. ಮೊದಲು 60 ದಿನಕ್ಕೆ, ಆಮೇಲೆ 120 ದಿನಕ್ಕೆ. ಅಲ್ಲಿಯ ಜನ ಆ ರೊಕ್ಕ ನೋಡಿ ಬಾಗಿಲು ತೆಗೆದವರಲ್ಲ. ಗಡಿ ದಾಟಿ ಬಂದವರನ್ನು ಅವರು ಮೊದಲ ವಾರದಿಂದಲೇ ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಕರೆದೊಯ್ದಿದ್ದರು. ರೊಕ್ಕ ಆಮೇಲೆ ಬಂದದ್ದು.

ಇಷ್ಟು ಓದಿ ಮುಗಿಸಿದಾಗ ನನಗೆ ನೆನಪಾದದ್ದು ನಮ್ಮದೇ ಮನೆ, 2019ರ ಆಗಸ್ಟ್.

ಆ ವರ್ಷ ನಾಗರಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ, ತವರಿಗೆ ಬರುವ ಹಬ್ಬ. ಅಪ್ಪನ ತಂಗಿ, ನಮ್ಮ ಅತ್ತಿ, ರೋಣ ತಾಲ್ಲೂಕಿನ ಹೊಳೆಆಲೂರಿನ ಹತ್ತಿರದ ಹಳ್ಳಿಯಿಂದ ಬಂದಿದ್ದಳು. ಜೋಕಾಲಿ ಆಡಿ, ಉಂಡಿ ಕಟ್ಟಿಸಿಕೊಂಡು, ಮರುದಿನ ಗಂಡನ ಮನೆಗೆ ಹೋದಳು. ನವಿಲುತೀರ್ಥದ ಡ್ಯಾಮಿನಿಂದ ನೀರು ಬಿಟ್ಟರು. ಮಲಪ್ರಭಾ ಊರೊಳಗೆ ಹೊಕ್ಕಿತು. ನಾಲ್ಕು ದಿನಕ್ಕೆ ಅತ್ತಿ ಮತ್ತೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಜೊತೆಗೆ ಮಾವ, ಮುಪ್ಪಾದ ಅವರ ತಾಯಿ, ಇಬ್ಬರು ಮಕ್ಕಳು, ಒಂದು ತೊಯ್ದ ಗಂಟು. ಆ ಗಂಟಿನಲ್ಲಿ ನಾವು ಕಟ್ಟಿಕೊಟ್ಟ ಉಂಡಿಯ ಡಬ್ಬಿಯೂ ಇತ್ತು.

ನಾವು ನಾಲ್ಕು ಮಂದಿ, ಅವರು ಐದು. ಎರಡು ಖೋಲಿ, ಒಂದು ಪಡಸಾಲಿ, ಅದರಲ್ಲಿ ಅರ್ಧ ಮಗ್ಗ. ಒಂದೇ ಪಾಯಖಾನೆ. ಮತ್ತು ನೀರು. ಗದಗ-ಬೆಟಗೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಿಂದ ತುಂಗಭದ್ರೆಯ ನೀರು ಪೈಪಿನಲ್ಲಿ ನಮ್ಮೂರಿಗೆ ಬರಬೇಕು. ಒಮ್ಮೆ ಬಂದರೆ ಮತ್ತೆ ಯಾವಾಗ ಅಂತ ಹೇಳುವಂತಿಲ್ಲ. ಎಂಟು ದಿನ, ಹತ್ತು ದಿನ, ಕೆಲವು ಸಲ ಇನ್ನೂ ಹೆಚ್ಚು. ನಮ್ಮ ಮನೆಯಲ್ಲಿ ಮೂರು ಬ್ಯಾರಲ್, ಒಂದು ಸಣ್ಣ ಸಿಂಟೆಕ್ಸ್. ನಾಲ್ವರಿಗೆ ಹಿಡಿದು ಬಳಸಿದರೆ ಹತ್ತು ದಿನ ಸಾಲುತ್ತಿತ್ತು. ಒಂಬತ್ತು ಜನಕ್ಕೆ ನಾಲ್ಕು ದಿನಕ್ಕೇ ತಳ ಕಾಣುತ್ತಿತ್ತು.

ಮೊದಲ ವಾರ ಅದು ಹಬ್ಬದ ಮನೆಯೇ. ಓಣಿಯವರು ರೊಟ್ಟಿ ಕೊಟ್ಟರು, ಹಳೆ ಅರಿವೆ ಕೊಟ್ಟರು. ಅತ್ತಿಯ ಕತೆ ಕೇಳಲು ಸಂಜೆಗೆ ಜನ ಬರುತ್ತಿದ್ದರು. ಎರಡನೇ ವಾರಕ್ಕೆ ಜನ ಬರುವುದು ನಿಂತಿತು. ಸರಕಾರದ ತುರ್ತು ನೆರವು 10 ಸಾವಿರ ಅತ್ತಿಯ ಮನೆಗೆ ಬಂದಾಗ ಅವಳು ಅದರಲ್ಲಿ ಎರಡು ಸಾವಿರ ತೆಗೆದು ಅಪ್ಪನ ಮುಂದೆ ಇಟ್ಟಳು. ಅಪ್ಪ ಹಾವು ಕಂಡವರಂತೆ ಹಿಂದೆ ಸರಿದ. "ತಂಗಿ ಕಡೆ ಊಟದ ರೊಕ್ಕಾ ಇಸ್ಕೊಳ್ಳೂ ಮಟ್ಟಕ್ಕ ಬಂದಿಲ್ಲ ನಾ ಇನ್ನೂ" ಅಂದ. ಅತ್ತಿ ಅತ್ತಳು. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ, ಏನೂ ಮಾತಾಡಲಿಲ್ಲ.

ನಾನು ಆಗ ಪತ್ರಿಕೋದ್ಯಮದ ವಿದ್ಯಾರ್ಥಿ. ಕ್ಯಾಮೆರಾ ಹಾಕಿಕೊಂಡು ಕೊಣ್ಣೂರಿಗೆ ಹೋದೆ, ಹೊಳೆಆಲೂರಿಗೆ ಹೋದೆ. ಗಂಜಿ ಕೇಂದ್ರದಲ್ಲಿ ಎಷ್ಟು ಮಂದಿ ಇದ್ದಾರೆ, ಎಷ್ಟು ಚಾಪೆ ಬಂದಿವೆ, ಅನ್ನ ಬೆಂದಿದೆಯೋ ಇಲ್ಲವೋ ಅಂತ ಬರೆದೆ. ಆ ವರದಿಗೆ ಕ್ಲಾಸಿನಲ್ಲಿ ಚಪ್ಪಾಳೆ ಬಿತ್ತು. ನೆರೆಯಿಂದ ಎದ್ದ ಜನರೆಲ್ಲ ಗಂಜಿ ಕೇಂದ್ರಕ್ಕೆ ಹೋಗುವುದಿಲ್ಲ, ಬೀಗರ ಮನೆಗೆ ಹೋಗುತ್ತಾರೆ, ತವರಿಗೆ ಹೋಗುತ್ತಾರೆ. ಅವರನ್ನು ಯಾರೂ ಎಣಿಸುತ್ತಿರಲಿಲ್ಲ. ಅಂಥ ಐದು ಜನ ನನ್ನ ಮನೆಯಲ್ಲೇ ಮಲಗುತ್ತಿದ್ದರು. ನಾನೂ ಅವರನ್ನು ಎಣಿಸಲಿಲ್ಲ.

ನಲವತ್ತೊಂದನೇ ದಿನ. ನಳ ಬಂದು ಹನ್ನೆರಡು ದಿನವಾಗಿತ್ತು. ಅತ್ತಿಯ ಸಣ್ಣ ಮಗ ಬಚ್ಚಲಲ್ಲಿ ಎರಡು ಕೊಡ ನೀರು ಹೆಚ್ಚಿಗೆ ಸುರಿದುಕೊಂಡ. ಅವ್ವನ ಬಾಯಿಂದ ಒಂದು ಮಾತು ಬಂತು: "ಹೊಳಿ ನೀರು ಇವ್ರನ್ನ ಓಡಸ್ತು, ಇವ್ರು ನಮ್ಮ ಬ್ಯಾರಲ್ ನೀರು ಓಡಸಾಕತ್ತಾರ." ಅತ್ತಿ ಹಿತ್ತಲಲ್ಲಿದ್ದಳು. ಅವಳಿಗೆ ಕೇಳಿಸಿತು. ಮರುದಿನ ಬೆಳಿಗ್ಗೆ ಗಂಟು ಕಟ್ಟಿದಳು. ಗೋಡೆ ಬಿದ್ದ ಊರಿಗೇ, ತಗಡಿನ ಶೆಡ್ಡಿಗೆ ಹೋದಳು. ಆಮೇಲೆ ಮೂರು ಪಂಚಮಿ ಬಂದು ಹೋದವು, ಅತ್ತಿ ತವರಿಗೆ ಬರಲಿಲ್ಲ. ಒಂದು ಮದುವೆಗೆ ಗದಗಿಗೆ ಬಂದವಳು ನಮ್ಮ ಮನೆಯ ಹೊಸ್ತಿಲ ಹೊರಗೇ ನಿಂತು ಅಪ್ಪನನ್ನು ಮಾತಾಡಿಸಿ ಹೋದಳು. ನೀರು ಕೊಟ್ಟರೆ "ಬ್ಯಾಡ, ನೀರಡಿಕಿ ಇಲ್ಲ" ಅಂದಳು.

ನಮ್ಮ ಮನೆಯಲ್ಲಿ ಈ ಕತೆಯನ್ನು ಹೇಳುವುದಾದರೆ ಅವ್ವನ ನಾಲಿಗೆಯ ಕತೆ ಅಂತಲೇ ಹೇಳುತ್ತಿದ್ದೆವು. ಅಪ್ಪನಿಗೂ ಹಾಗೇ ಅನಿಸಿತ್ತು, ನನಗೂ.

ಅಕ್ಕನ ಕಾಲ್ ಬಂದ ಒಂದು ವಾರಕ್ಕೆ ನಾನು ಅವ್ವನನ್ನು ಸುಮ್ಮನೆ ಕೇಳಿದೆ: "ಆಗ ಅತ್ತಿ ಇದ್ದಾಗ ಖರ್ಚು ಹೆಂಗ ಮಾಡಿದಿ?" ಅಪ್ಪ ಸೀರೆ ನೇಯ್ದರೆ ವಾರಕ್ಕೆ ಬರುವ ಮಜೂರಿ ಎಷ್ಟು ಅಂತ ನನಗೆ ಗೊತ್ತು. ಒಂಬತ್ತು ಜನ ಪಡಸಾಲೆಯಲ್ಲಿ ಮಲಗಿದಾಗ ಮಗ್ಗವೂ ಸರಿಯಾಗಿ ನಡೆದಿರಲಿಲ್ಲ. ಅವ್ವ ಬಹಳ ಹೊತ್ತು ಅಕ್ಕಿ ಆರಿಸುತ್ತಲೇ ಇದ್ದಳು.

"ಬೆಂಡೋಲಿ ಒತ್ತಿ ಇಟ್ಟಿದ್ದೆ" ಅಂದಳು.

ತವರಿನವರು ಕೊಟ್ಟ ಬೆಂಡೋಲಿ. ಕಿವಿ ಬಾತಿದೆ ಅಂತ ತೆಗೆದಿಟ್ಟಿದ್ದೇನೆ ಅಂತ ಎಲ್ಲರಿಗೂ ಹೇಳಿದ್ದಳು. ಬಿಡಿಸಿಕೊಳ್ಳಬೇಕು ಅನ್ನುವಷ್ಟರಲ್ಲಿ 2020ರ ಲಾಕ್‌ಡೌನ್ ಬಂತು, ಮಗ್ಗ ನಿಂತವು, ಬಡ್ಡಿ ಏರಿತು. ಬೆಂಡೋಲಿ ಹೋಯಿತು. ಅಪ್ಪನಿಗೆ ಹೇಳಿರಲಿಲ್ಲ. ಅತ್ತಿಗಂತೂ ಗೊತ್ತೇ ಇಲ್ಲ. "ಹೇಳಿದ್ರ ಹಂಗಿಸಿದಂಗ ಆಗ್ತಿತ್ತು" ಅಂದಳು ಅವ್ವ.

ಹೇಳಿದರೆ ಹಂಗಿಸಿದಂತೆ, ಹೇಳದಿದ್ದರೆ ಒಳಗೇ ಕುದಿಯುವುದು. ಕುದ್ದದ್ದು ನಲವತ್ತೊಂದನೇ ದಿನ ಎರಡು ಕೊಡ ನೀರಿನ ನೆಪದಲ್ಲಿ ಉಕ್ಕಿತು. ಅವ್ವ ಆಡಿದ್ದು ನೀರಿನ ಮಾತು, ಒಳಗಿದ್ದದ್ದು ಬೆಂಡೋಲಿಯ ಭಾರ.

ಆ ದಿನದಿಂದ 350 ಪೌಂಡಿನ ಬಗ್ಗೆ ನನಗೆ ನಗು ಬಂದಿಲ್ಲ.

ಹಾಗಾದರೆ ನಮ್ಮ ಹಿರಿಯರು ಇಂಥ ಭಾರವನ್ನು ಹೇಗೆ ಹೊರುತ್ತಿದ್ದರು? ನನಗೆ ಶಿರಹಟ್ಟಿಯ ಒಬ್ಬ ನಿವೃತ್ತ ಮಾಸ್ತರರು ನೆನಪಾಗುತ್ತಾರೆ. ಅವರು ಹುಡುಗರಿದ್ದಾಗ ಲಕ್ಷ್ಮೇಶ್ವರದಲ್ಲಿ ವಾರಾನ್ನ ಉಂಡು ಓದಿದವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ. "ಒಂದ ಮನಿಯವ್ರು ಏಳೂ ದಿನಾ ಹಾಕಿದ್ರ ಎಂಟನೇ ದಿನಕ್ಕ ಮಾರಿ ತಿರುವ್ತಿದ್ರು. ಏಳು ಮನಿಯವ್ರು ಒಂದೊಂದ ದಿನ ಹಾಕಿದ್ರು, ನಾ ಎಂಟು ವರ್ಷ ಓದಿದೆ" ಅನ್ನುತ್ತಿದ್ದರು. ಅದರ ಮಿತಿಯನ್ನೂ ಅವರೇ ಹೇಳುತ್ತಿದ್ದರು. ಆ ಏಳು ಬಾಗಿಲು ಅವರ ಜಾತಿಯ ಹುಡುಗನಿಗೆ ತೆರೆದಿದ್ದವು, ಅವರ ಪಕ್ಕದಲ್ಲಿ ಕೂಡುತ್ತಿದ್ದ ಕೆಳಜಾತಿಯ ಹುಡುಗನಿಗೆ ಅಲ್ಲ. ಮನೆಯವರ ಒಳ್ಳೆಯತನವನ್ನೇ ನಂಬಿದರೆ ಆಗುವುದು ಇದು. ಒಳ್ಳೆಯತನ ಮೊದಲು ಗುರುತು ಕೇಳುತ್ತದೆ. ಯುದ್ಧದಿಂದ ಓಡಿ ಬಂದವರಿಗೆ ಪರ ಊರಿನಲ್ಲಿ ಯಾವ ಗುರುತೂ ಇರುವುದಿಲ್ಲ. ಅಲ್ಲಿ ನಡುವೆ ಸರಕಾರ ನಿಲ್ಲಬೇಕಾಗುತ್ತದೆ.

ನಮ್ಮ ದೇಶಕ್ಕೂ ಅಂಥವರು ಬಂದಿದ್ದಾರೆ. 1959ರ ನಂತರ ಟಿಬೆಟ್ಟಿನಿಂದ ಬಂದವರಿಗೆ ಮೈಸೂರು ರಾಜ್ಯ ಭೂಮಿ ಕೊಟ್ಟಿತು. ಮೊದಲು ಬೈಲಕುಪ್ಪೆ, 1966ರಲ್ಲಿ ನಮಗೆ ಹತ್ತಿರದ ಮುಂಡಗೋಡ. ಅವರನ್ನು ಯಾರ ಮನೆಯಲ್ಲೂ ಇಡಲಿಲ್ಲ, ಅವರದೇ ಕ್ಯಾಂಪು, ಅವರದೇ ಸಾಲಿ, ಅವರದೇ ಮಠ. ಅವರ ಭಾಷೆ ಮತ್ತು ಧರ್ಮ ಉಳಿಯಲು ಅದು ಬೇಕಿತ್ತು. ಆದರೆ ಅರವತ್ತು ವರ್ಷವಾದರೂ ನಮ್ಮಲ್ಲಿ ಹೆಚ್ಚಿನವರಿಗೆ ಅವರು ಚಳಿಗಾಲದ ಸ್ವೆಟರ್ ಅಂಗಡಿಯವರಾಗಿಯೇ ಉಳಿದರು.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು 1 ಕೋಟಿ ಜನ ಗಡಿ ದಾಟಿ ಬಂದರು. ಅದರಲ್ಲಿ ಸುಮಾರು 68 ಲಕ್ಷ ಜನ ಕ್ಯಾಂಪುಗಳಲ್ಲಿದ್ದರು. ಉಳಿದ 30 ಲಕ್ಷದಷ್ಟು ಜನ ಇದ್ದದ್ದು ನೆಂಟರ, ಪರಿಚಯದವರ ಮನೆಗಳಲ್ಲಿ. ಈ ಅಂಕಿ ನೋಡಿದಾಗ ನನಗೆ ಮೊದಲು ಹೊಳೆದದ್ದು, ಬಂಗಾಳದ, ತ್ರಿಪುರಾದ, ಅಸ್ಸಾಮಿನ ಆ ಮನೆಗಳಲ್ಲಿ ಎಷ್ಟು ಅವ್ವಂದಿರು ಏನೇನು ಒತ್ತಿ ಇಟ್ಟಿರಬಹುದು ಅಂತ.

ಆದರೆ ಆ ವರ್ಷ ಇನ್ನೊಂದು ಕೆಲಸವೂ ಆಯಿತು. ನಮ್ಮ ಅಜ್ಜನ ಟ್ರಂಕಿನಲ್ಲಿ ಸೊಲ್ಲಾಪುರದ ನೂಲಿನ ವ್ಯಾಪಾರಿಯೊಬ್ಬರು 1972ರಲ್ಲಿ ಬರೆದ ಲಕೋಟೆ ಇದೆ. ಅದರ ಮೇಲೆ ಮಾಮೂಲಿ ಅಂಚೆಚೀಟಿಯ ಪಕ್ಕ ಇನ್ನೊಂದು 5 ಪೈಸೆಯ ಚೀಟಿ. ನಿರಾಶ್ರಿತರ ಪರಿಹಾರಕ್ಕೆಂದು 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರವರೆಗೆ ಪತ್ರ ಹಾಕುವವರು ಕೊಡಬೇಕಾಗಿದ್ದ ತೆರಿಗೆ ಅದು. ಶುರುವಿಗೆ ಕುಟುಂಬ ಯೋಜನೆಯ ಹಳೆ ಚೀಟಿಯ ಮೇಲೆಯೇ 'ರೆಫ್ಯೂಜಿ ರಿಲೀಫ್' ಅಂತ ಅಚ್ಚೊತ್ತಿ ಕೊಟ್ಟರು. ನೂಲಿನ ದರ ಕೇಳಿ ಅಜ್ಜ ಬರೆದ ಪತ್ರಕ್ಕೂ 5 ಪೈಸೆ ಹೋಗಿರಬೇಕು. ಅಜ್ಜ ಒಬ್ಬ ನಿರಾಶ್ರಿತನ ಮುಖವನ್ನೂ ನೋಡಿದವನಲ್ಲ. ಆದರೂ ಬೆಟಗೇರಿಯ ಮಗ್ಗದ ಮನೆಯಿಂದ ಒಂದು ಪಾಲು ಅಲ್ಲಿಗೆ ಮುಟ್ಟಿತ್ತು.

ನನಗೆ ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಲಕೋಟೆಯಲ್ಲಿ. ಅಕ್ಕ ತೆಗೆದುಕೊಂಡದ್ದು ಅನ್ನದ ಬೆಲೆಯಲ್ಲ. ಖೋಲಿ ಇಲ್ಲದ, ಬಾಗಿಲು ತೆಗೆಯಲಾಗದ ಉಳಿದ ಮನೆಗಳು ಕಳಿಸಿದ ಪಾಲು. ಏಳು ಮನೆಯ ವಾರಾನ್ನವೇ, ಆದರೆ ಇಡೀ ದೇಶ ಏಳು ಮನೆ.

ಇದರಿಂದ ಅಲ್ಲಿ ಎಲ್ಲವೂ ಸರಿಯಾಯಿತು ಅಂತಲ್ಲ. ಶುರುವಿನಲ್ಲಿ ಮನೆಯವರೂ ಬರುವವರೂ ಫೇಸ್‌ಬುಕ್ಕಿನಲ್ಲಿ ತಾವೇ ಒಬ್ಬರನ್ನೊಬ್ಬರು ಹುಡುಕಿಕೊಳ್ಳಬೇಕಿತ್ತು. ಒಂಟಿ ಹೆಂಗಸರು, ಮಕ್ಕಳೊಂದಿಗೆ ಬಂದ ತಾಯಂದಿರು ಒಂಟಿ ಗಂಡಸರ ಮನೆಗೆ ಹೋಗಿ ಸೇರುವ ಅಪಾಯವಿದೆ ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೇ 2022ರ ಏಪ್ರಿಲ್‌ನಲ್ಲಿ ಎಚ್ಚರಿಸಿತು. ಬೇರೆ ಯುದ್ಧಗಳಿಂದ ಓಡಿ ಬಂದವರಿಗೆ ಇದೇ ಬಾಗಿಲು ಯಾಕಿಲ್ಲ ಅನ್ನುವ ಪ್ರಶ್ನೆಯನ್ನೂ ಅಲ್ಲಿಯವರೇ ಕೇಳಿದರು. ಮಾಸ್ತರರ ಏಳು ಬಾಗಿಲಿನ ಮಾತೇ ಅದು.

ನಮ್ಮಲ್ಲಿ ನಿರಾಶ್ರಿತರಿಗೆ ಅಂತ ಪ್ರತ್ಯೇಕ ಕಾನೂನು ಇಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ವಿದೇಶಿಯರನ್ನು ಮನೆಯಲ್ಲಿ ಇಟ್ಟುಕೊಂಡರೆ 24 ಗಂಟೆಯೊಳಗೆ ಫಾರ್ಮ್ ತುಂಬಿ ತಿಳಿಸಬೇಕು ಅನ್ನುವ ನಿಯಮ ಇದೆ. ಇಟ್ಟುಕೊಂಡವರ ಬ್ಯಾರಲ್ಲಿನಲ್ಲಿ ನೀರು ಇದೆಯೇ ಅಂತ ಕೇಳುವ ಫಾರ್ಮ್ ಇಲ್ಲ. ನೆರೆ ಬಂದಾಗಲೂ ಹಾಗೇ. ನೀರು ಹೊಕ್ಕ ಮನೆಗೆ ಲೆಕ್ಕವಿತ್ತು, ಪೂರ್ತಿ ಬಿದ್ದ ಮನೆಗೆ 5 ಲಕ್ಷದ ಘೋಷಣೆ ಇತ್ತು. ಆ ಮನೆಯವರನ್ನು ಒಳಗೆ ಕರೆದುಕೊಂಡ ನಮ್ಮ ಮನೆ ಯಾವ ಪಟ್ಟಿಯಲ್ಲೂ ಇರಲಿಲ್ಲ. ವಾರಕ್ಕೊಂದು ನೀರಿನ ಟ್ಯಾಂಕರ್, ತಿಂಗಳಿಗೆ ಹತ್ತು ಕಿಲೊ ಹೆಚ್ಚಿನ ರೇಶನ್ ಅಕ್ಕಿ ಬಂದಿದ್ದರೆ ಅಪ್ಪ ಬೇಡ ಅನ್ನುತ್ತಿರಲಿಲ್ಲ. ತಂಗಿಯ ಕೈಯಿಂದ ಇಸಿದುಕೊಳ್ಳುವುದು ಬೇರೆ, ರೇಶನ್ ಅಂಗಡಿಯಲ್ಲಿ ಪಾಳಿ ಹಚ್ಚಿ ತರುವುದು ಬೇರೆ.

ಅಕ್ಕನ ಮನೆಯಲ್ಲಿ ತಾಯಿ-ಮಗ ಹನ್ನೊಂದು ತಿಂಗಳು ಇದ್ದರು. ಜಗಳ ಅಲ್ಲೂ ಆಯಿತಂತೆ, ಹೀಟರ್ ಎಷ್ಟು ಹೊತ್ತು ಹಚ್ಚಬೇಕು, ಒಗ್ಗರಣೆಯ ಘಾಟಿಗೆ ಕಿಟಕಿ ತೆಗೆಯಬೇಕೋ ಬೇಡವೋ ಅಂತ. ಆದರೆ ಆರು ತಿಂಗಳಿಗೆ ಕೂತು ಮಾತಾಡುವುದು ಅಂತ ಮೊದಲೇ ಗೊತ್ತಿತ್ತು, ಕೂತು ಮಾತಾಡಿದರು. ಚಳಿಗಾಲದ ಗ್ಯಾಸ್ ಬಿಲ್ಲು ಆ 350ರಲ್ಲಿ ಹೋಯಿತು. "ಅಕಿ ದಿನಾ ಮುಂಜಾನೆದ್ದು ನನಗ ಥ್ಯಾಂಕ್ಸ್ ಹೇಳೂದು ತಪ್ಪಿತು ನೋಡು, ಅದ ದೊಡ್ಡದು" ಅಂದಳು ಅಕ್ಕ. ಆ ಹೆಂಗಸು ಕೆಲಸ ಹಿಡಿದು ಬಾಡಿಗೆ ಮನೆಗೆ ಹೋದಳು. ಈಗಲೂ ರವಿವಾರ ಗಜ್ಜರಿ, ಬೀಟ್‌ರೂಟ್ ಹಾಕಿದ ಕೆಂಪು ಸಾರು ತರುತ್ತಾಳೆ.

ಇದನ್ನೆಲ್ಲ ಅವ್ವನಿಗೆ ನನಗೆ ತಿಳಿದ ಹಾಗೆ ಹೇಳಿದೆ. ಪೂರ್ತಿ ಒಪ್ಪಲಿಲ್ಲ. "ಆದ್ರೂ ಉಣ್ಣಾಕ ಹಾಕಿದ್ದಕ್ಕ..." ಅಂದು ನಿಲ್ಲಿಸಿದಳು. ಆಮೇಲೆ, "ನಿಮ್ಮತ್ತಿಗೆ ಬೆಂಡೋಲಿದು ಹೇಳಬೇಕಂದ್ರ ಹೇಳು. ಹಂಗಿಸಿದಂಗ ಹೇಳಬ್ಯಾಡ" ಅಂದಳು.

ಮುಂದಿನ ಪಂಚಮಿಯ ಹಿಂದಿನ ದಿನ ಗದಗದಿಂದ ರೈಲು ಹತ್ತಿ ಹೊಳೆಆಲೂರಿಗೆ ಇಳಿದೆ. ಅವ್ವ ಉಂಡಿ ಕಟ್ಟಿಕೊಟ್ಟಿದ್ದಳು, ಅದೇ ಹಳೆ ಡಬ್ಬಿಯಲ್ಲಿ. ಅತ್ತಿ ಹೊಸ ಮನೆಯ ಕಟ್ಟೆಯ ಮೇಲೆ ಕೂತು ಕೇಳಿದಳು. ನಡುವೆ ಒಂದು ಮಾತೂ ಆಡಲಿಲ್ಲ. ಎದ್ದು ಒಳಗೆ ಹೋದಳು, ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿದ್ದವು. ಡಬ್ಬಿಯಲ್ಲಿ ನಮ್ಮ ಉಂಡಿ ತೆಗೆದುಕೊಂಡು ತನ್ನ ಮನೆಯ ಸಜ್ಜಿರೊಟ್ಟಿ ತುಂಬಿದ್ದಳು.

"ವೈನಿಗೆ ಹೇಳು, ಬರ್ತೀನಿ" ಅಂದಳು. ಸ್ವಲ್ಪ ತಡೆದು, "ನಳಾ ಬಂದ ದಿನ ಫೋನ್ ಮಾಡ್ರಿ. ನೀರಿದ್ದಾಗ ಬರ್ತೀನಿ" ಅಂದು ನಕ್ಕಳು.

ಊರಿಗೆ ಬಂದವನೇ ನಮ್ಮ ಓಣಿಗೆ ನೀರು ಬಿಡುವವನಿಗೆ ಫೋನ್ ಹಚ್ಚಿದೆ.